ದೂಂಗ್ಮಬುಲ್ಲ ಚಿಲುಮೆಗಳು

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ರಾಜ್ಯದ ಮಧ್ಯಭಾಗದಲ್ಲಿ, ಕಾರ್‌ಮೈಕಲ್ ನದಿಯ ಆಸುಪಾಸಿನಲ್ಲಿ, ಅಂತರ್ಜಲವು ತನ್ನ ಒತ್ತಡದಿಂದಲೇ ಉಕ್ಕಿ ಬಂದು ನಿರ್ಮಿಸಿರುವ ನೂರಕ್ಕೂ ಮಿಕ್ಕ ಬುಗ್ಗೆಗಳ ಮತ್ತು ಜೌಗುಗಳ ಸಮುದಾಯ. ಇವುಗಳಲ್ಲಿ ಪ್ರಧಾನವಾದ ಮೋಸೆಸ್ ಗುಂಪಿನ ಬುಗ್ಗೆಗಳು ದೂಂಗ್ಮಬುಲ್ಲ ಎಂಬ ಖಾಸಗಿ ದನಗಾವಲಿನ ಹಿಡುವಳಿಗೆ ಸೇರಿದ್ದು, ಸರ್ಕಾರದಿಂದ ನಿಸರ್ಗಾಶ್ರಯವೆಂದು ಘೋಷಿತವಾಗಿವೆ. ಇಲ್ಲಿಂದ ಸುಮಾರು 8 ಕಿಮೀ ಪೂರ್ವಕ್ಕೆ ಭಾರತದ ಅದಾನಿ ಸಂಸ್ಥೆಯು ತೆರೆದ ಕಾರ್‌ಮೈಕಲ್ ಕಲ್ಲಿದ್ದಲು ಗಣಿಯ ದೆಸೆಯಿಂದ, ಖಾಸಗಿ ಜೌಗುಭೂಮಿಯೊಂದರ ಜಲಮೂಲವನ್ನು ನೆರೆಯ ಗಣಿಗಾರಿಕೆಯಿಂದ ಕಾಪಾಡುವುದು ಹೇಗೆಂಬ ಪ್ರಶ್ನೆಗೆ ಈ ಬುಗ್ಗೆಗಳು ಜಗತ್ತಿನ ಪ್ರಮುಖ ನಿದರ್ಶನವಾಗಿ ಪರಿಣಮಿಸಿವೆ.

ಸುತ್ತಲಿನ ಸೀಮೆ ಅರೆಶುಷ್ಕವಾದುದು. ವರ್ಷದ ಬಹುಭಾಗ ಹಳ್ಳಕೊಳ್ಳಗಳು ಬತ್ತಿ, ಹುಲ್ಲು ಒಣಗಿ ನಿಂತಿರುವ ಆ ಬಯಲಿನ ನಡುವೆ, ಕಾಲಿಟ್ಟರೆ ಅದುರುವ ಹಸುರು ದಿಬ್ಬಗಳ ನೆತ್ತಿಯಿಂದ ನೀರು ಜಿನುಗಿ ತೆಳ್ಳಗೆ ಹರಡಿಕೊಳ್ಳುವುದು. ಈ ನೀರನ್ನೇ ನಂಬಿ ಬೆಳೆಯುವ ಸಸ್ಯಗಳಲ್ಲಿ ಎರಿಯೊಕಾಲಾನ್ ಕಾರ್ಸೋನಿ ಎಂಬುದು ಮುಖ್ಯವಾದುದು: ಬುಡದಲ್ಲಿ ಎಲೆಗಳ ಚಿಕ್ಕ ಗೊಂಚಲು, ಅದರ ನಡುವಿನಿಂದ ಎದ್ದ ಸಣ್ಣ ದಂಟು, ದಂಟಿನ ತುದಿಯಲ್ಲಿ ಗುಂಡಿಯಷ್ಟು ಚಿಕ್ಕದಾದ ಬೆಳ್ಳನೆಯ ಹೂಮಂಡೆ. ಇದೇ ಕುಲದ ಸೋದರ ಪ್ರಭೇದಗಳನ್ನು ಕನ್ನಡನಾಡಿನವರು ಪಶ್ಚಿಮ ಘಟ್ಟಗಳ ಜೌಗಿನಲ್ಲಿಯೂ ಗದ್ದೆಯ ಬದುಗಳಲ್ಲಿಯೂ ಮಳೆಗಾಲದ ಕೊನೆಯಲ್ಲಿ ಕಾಣಬಹುದು. ಆದರೆ ಕಾರ್ಸೋನಿಗೆ ಮಳೆಯ ಹಂಗಿಲ್ಲ, ಭೂಗರ್ಭದ ಒರತೆಯೇ ಅದರ ಪ್ರಾಣ. ಗಿಡಗಳಿಗಿಂತಲೂ ಹಿರಿದಾದ ಸಂಬಂಧ ಮನುಷ್ಯರದು. ಈ ನಾಡಿನ ಮೂಲನಿವಾಸಿಗಳಾದ ವಾಂಗನ್ ಮತ್ತು ಜಗಲಿಂಗು ಜನರಿಗೆ ಇದು ಪವಿತ್ರ ಸ್ಥಳ.

ನಿಸರ್ಗಾಶ್ರಯವೆಂಬುದು 1992ರ ಕ್ವೀನ್ಸ್‌ಲೆಂಡ್ ನಿಸರ್ಗ ಸಂರಕ್ಷಣಾ ಶಾಸನದ ಮೇರೆಗೆ ಜಮೀನಿನ ಒಡೆಯನು ಸ್ವಸಂತೋಷದಿಂದ ಸರ್ಕಾರದೊಡನೆ ಮಾಡಿಕೊಳ್ಳುವ ಒಪ್ಪಂದ. ಸಾಮಾನ್ಯವಾಗಿ ಅದು ಮುಂದಿನ ಒಡೆಯರನ್ನೂ ಬಂಧಿಸುತ್ತದೆ. ಆದರೆ ಗಣಿಗಾರಿಕೆಯನ್ನು ನಿಷೇಧಿಸುವುದಿಲ್ಲ, ಏಕೆಂದರೆ ನೆಲದಡಿಯ ಕಲ್ಲಿದ್ದಲು ರಾಜ್ಯದ ಸ್ವತ್ತು. ಇನ್ನು ಗಡಿಯಾಚೆಯ ಅಗೆತದಿಂದ ಗಡಿಯೊಳಗಿನ ಒರತೆ ಸೊರಗಿದರೆ ಅದನ್ನು ತಡೆಯುವ ಶಕ್ತಿ ಈ ಒಪ್ಪಂದಕ್ಕೆ ಎಲ್ಲಿಂದ ಬರಬೇಕು?

ಅಪಾಯದ ಬಗೆಯನ್ನು ತಿಳಿಯಲು ಇಲ್ಲಿಯ ಶಿಲಾಸ್ತರಗಳ ಜೋಡಣೆಯನ್ನು ಅರಿಯಬೇಕು. ಮೇಲ್ಭಾಗದಲ್ಲಿ ಕ್ಲೆಮಾಟಿಸ್ ಎಂಬ ಜಲಭರಿತ ಮರಳುಗಲ್ಲಿನ ಸ್ತರವಿದೆ. ಅದರ ಕೆಳಗೆ ನೀರನ್ನು ಸುಲಭವಾಗಿ ಬಿಟ್ಟುಕೊಡದ ರೇವನ್ ಎಂಬ ಸ್ತರವು ಮುಚ್ಚಳದಂತೆ ಹಾಸಿಕೊಂಡಿದೆ. ಅದಕ್ಕೂ ಕೆಳಗೆ ಕೋಲಿನ್ಲಿ ಮರಳುಗಲ್ಲು ಮತ್ತು ಕಲ್ಲಿದ್ದಲಿನ ಪದರಗಳಿವೆ. ಗಣಿಯ ಗುಂಡಿಯನ್ನು ಒಣಗಿಸಿಡಬೇಕಾದರೆ ಸುತ್ತಲಿನ ನೀರನ್ನು ಎಡೆಬಿಡದೆ ಹೊರಗೆ ಹಾಕಬೇಕಾಗುವುದರಿಂದ, ಗುಂಡಿಯ ಸುತ್ತ ಅಂತರ್ಜಲದ ಒತ್ತಡವು ಕುಗ್ಗುತ್ತ, ಆ ಕುಗ್ಗುವಿಕೆಯು ದಶಕಗಳವರೆಗೆ ಹೊರಮುಖವಾಗಿ ಹರಡುತ್ತ ಹೋಗುತ್ತದೆ. ಬುಗ್ಗೆಗಳಿಗೆ ನೀರು ಒದಗುವುದು ಮೇಲಿನ ಕ್ಲೆಮಾಟಿಸ್ ಸ್ತರದಿಂದ, ನಡುವೆ ರೇವನ್ ಅಡ್ಡವಾಗಿರುವುದರಿಂದ ಭಯವಿಲ್ಲ, ಎಂಬುದು ಸಂಸ್ಥೆಯ ವಾದ; ಆಳದ ನೀರೂ ಶಿಲಾಭಂಗಗಳ ಮೂಲಕ ಮೇಲೇರಿ ಬುಗ್ಗೆಗಳನ್ನು ಸೇರುತ್ತಿರಬಹುದು, ಹಾಗಾದರೆ ಅವು ಶಾಶ್ವತವಾಗಿ ಬತ್ತಬಹುದು, ಎಂಬುದು ಅನೇಕ ಜಲವಿಜ್ಞಾನಿಗಳ ಆಕ್ಷೇಪ. ಇಡೀ ವಿವಾದದ ತಿರುಳು ಇಷ್ಟೇ. ಒರತೆಯ ಕಸುವು ಒತ್ತಡದಲ್ಲಿರುವುದರಿಂದ ನೀರಿನ ಮಟ್ಟ ಅಲ್ಪವೇ ಇಳಿದರೂ ದಿಬ್ಬದ ನೆತ್ತಿಯ ಒಸರು ನಿಲ್ಲಬಲ್ಲದು. ಇದು ಕೇವಲ ಊಹೆಯ ಮಾತಲ್ಲ: ಆಸ್ಟ್ರೇಲಿಯದ ನೆಲದಡಿಯಲ್ಲಿ ಸುಮಾರು 17 ಲಕ್ಷ ಚದರ ಕಿಮೀ ವ್ಯಾಪಿಸಿರುವ ಮಹಾ ಆರ್ಟೀಸಿಯನ್ ಜಲಕೊಳದಲ್ಲಿ 1878ರಿಂದೀಚೆಗೆ ದನಗಳಿಗಾಗಿ ಕೊರೆದ ಕೊಳವೆಬಾವಿಗಳು ಹಗಲಿರುಳು ಹರಿದುಹೋದ ಫಲವಾಗಿ ಎಷ್ಟೋ ಬುಗ್ಗೆಗಳು ಅಳಿದುವು, ಅಂಥ ಬಾವಿಗಳ ಬಾಯಿ ಕಟ್ಟಿ ಒತ್ತಡವನ್ನು ಮರಳಿಸುವ ಸರ್ಕಾರಿ ಯೋಜನೆ 1999ರಲ್ಲಿ ಆರಂಭವಾಯಿತು.

2014ರಲ್ಲಿ ಆಸ್ಟ್ರೇಲಿಯದ ಕೇಂದ್ರ ಸರ್ಕಾರವು ಗಣಿಗೆ ಇತ್ತ ಅನುಮತಿಯು ಮರುವರ್ಷ ಬೇರೊಂದು ಕಾರಣದಿಂದ, ಎರಡು ಸರೀಸೃಪಗಳ ಕುರಿತ ಸಲಹೆಯನ್ನು ಮಂತ್ರಿಯು ಪರಿಶೀಲಿಸದೆ ಹೋದುದರಿಂದ, ನ್ಯಾಯಾಲಯದಲ್ಲಿ ರದ್ದಾಗಿ, 2015ರ ಅಕ್ಟೋಬರಿನಲ್ಲಿ ಪುನಃ ದೊರೆಯಿತು. ಬುಗ್ಗೆಗಳ ಬಳಿ ಅಂತರ್ಜಲದ ಮಟ್ಟ 20 ಸೆಂಮೀಗಿಂತ ಹೆಚ್ಚು ಇಳಿಯಕೂಡದೆಂಬುದು ವಿಧಿಸಲಾದ ನಿಬಂಧನೆಗಳಲ್ಲಿ ಪ್ರಮುಖವಾದುದು. ಆದರೂ 2017ರಲ್ಲಿ ಕ್ವೀನ್ಸ್‌ಲೆಂಡ್ ಸರ್ಕಾರ ನೀಡಿದ ಜಲಪರವಾನಗಿಯಲ್ಲಿ ಹೊರತೆಗೆಯಬಹುದಾದ ನೀರಿಗೆ ಗರಿಷ್ಠ ಮಿತಿಯನ್ನೇ ಗೊತ್ತುಪಡಿಸಲಿಲ್ಲ. ಅದರ ಅವಧಿ 2077ರವರೆಗೆ. 2019ರಲ್ಲಿ ಸಿಎಸ್‌ಐಆರ್‌ಒ ಮತ್ತು ಜಿಯೋಸೈನ್ಸ್ ಆಸ್ಟ್ರೇಲಿಯ ಎಂಬ ರಾಷ್ಟ್ರೀಯ ಸಂಸ್ಥೆಗಳು ಅದಾನಿ ಸಂಸ್ಥೆಯ ಅಂತರ್ಜಲದ ಗಣಿತಮಾದರಿಯಲ್ಲಿ ಕೊರತೆಗಳನ್ನು ಎತ್ತಿ ತೋರಿದುವು. ಅದಾನಿ ಸಂಸ್ಥೆಯು ಕೆಲವು ತಿದ್ದುಪಡಿಗಳಿಗೆ ಒಪ್ಪಿದ ಬಳಿಕ ಏಪ್ರಿಲಿನಲ್ಲಿ ಕೇಂದ್ರವೂ ಜೂನ್ 13ರಂದು ರಾಜ್ಯವೂ ಅಂತರ್ಜಲ ನಿರ್ವಹಣೆಯ ಯೋಜನೆಗಳನ್ನು ಅಂಗೀಕರಿಸಿದುವು. ಬುಗ್ಗೆಗಳ ಮೂಲಸ್ತರ ಯಾವುದೆಂಬುದನ್ನು ಇನ್ನಷ್ಟು ಶೋಧಿಸಬೇಕೆಂಬ ಷರತ್ತು ಅಂಗೀಕಾರದ ಸಂಗಡವೇ ಬಂದಿತು. 2021ರ ಕೊನೆಯಲ್ಲಿ ಮೊದಲ ಕಲ್ಲಿದ್ದಲು ರಫ್ತಿಗೆ ಸಿದ್ಧವಾಯಿತು. 2023ರಲ್ಲಿ, ಅಂತರ್ಜಲದ ಲೆಕ್ಕಾಚಾರ ತೃಪ್ತಿಕರವಾಗಿಲ್ಲವೆಂದು ರಾಜ್ಯದ ಪರಿಸರ ಇಲಾಖೆಯು ಸುರಂಗ ಗಣಿಗಾರಿಕೆಯನ್ನು ತಡೆದು ಆಜ್ಞೆ ಹೊರಡಿಸಿತು. ತೆರೆದ ಗಣಿಯ ಕೆಲಸಕ್ಕೆ ಆ ತಡೆ ಅನ್ವಯಿಸಲಿಲ್ಲ.

ಕಾರ್‌ಮೈಕಲ್ ಗಣಿಯೂ ಇರುವ ಗೆಲಿಲಿ ಕಲ್ಲಿದ್ದಲು ಪ್ರದೇಶದ ಬಿಂಬಲ್‌ಬಾಕ್ಸ್ ನಿಸರ್ಗಾಶ್ರಯದ ಸಂಗತಿ ಬೇರೆಯಾಗಿ ನಡೆಯಿತು. ಅಲ್ಲಿ ಉದ್ದೇಶಿತವಾಗಿದ್ದ ಗಣಿಗೆ ಅನುಮತಿ ಕೊಡಕೂಡದೆಂದು 2022ರ ನವೆಂಬರಿನಲ್ಲಿ ಕ್ವೀನ್ಸ್‌ಲೆಂಡಿನ ಭೂನ್ಯಾಯಾಲಯವು ಶಿಫಾರಸು ಮಾಡಿತು. ಅಗೆತ ಇನ್ನೂ ಆರಂಭವಾಗಿರಲಿಲ್ಲವಾದುದರಿಂದ ಆ ಶಿಫಾರಸಿಗೆ ಪೂರ್ಣ ಬೆಲೆಯಿದ್ದಿತು. ದೂಂಗ್ಮಬುಲ್ಲದಲ್ಲಿ ಕ್ರಮವು ತಲೆಕೆಳಗಾಯಿತು. ಅಂತರ್ಜಲವು ನಿಧಾನಗಾಮಿಯಾದುದರಿಂದ, ಅಳತೆಯ ಬಾವಿಯಲ್ಲಿ 20 ಸೆಂಮೀ ಇಳಿತ ಕಾಣುವ ಹೊತ್ತಿಗೆ ಅದಕ್ಕೆ ಕಾರಣವಾದ ಒತ್ತಡದ ಕುಸಿತವು ಎಷ್ಟೋ ಮುಂಚೆ ನಡೆದುಹೋಗಿರುತ್ತದೆ, ಗಣಿಯನ್ನು ಅಂದೇ ನಿಲ್ಲಿಸಿದರೂ ಇಳಿತವು ಅಂದೇ ನಿಲ್ಲದು. ಆದಕಾರಣ ಮೂಲಸ್ತರವು ನಿಶ್ಚಯವಾಗುವ ಮುನ್ನ ಗುಂಡಿ ತೋಡಲು ಸಮ್ಮತಿಸಿದ್ದು ತಪ್ಪು ನಿರ್ಣಯ. ಅಳತೆಯ ನಿಬಂಧನೆಗಳು ಎಷ್ಟೇ ಕಟ್ಟುನಿಟ್ಟಾಗಿದ್ದರೂ ಆ ತಪ್ಪನ್ನು ಅವು ಸರಿಪಡಿಸಲಾರವು.