ಕಿಟ್ಟೆಲ್ಲರ ಮಾತೃಭಾಷೆ ಇಂಗ್ಲಿಷಾ?

ಮೊನ್ನೆ ದೊಡ್ಡಮ್ಮನ ಮಗಳು ಫೋನ್ ಮಾಡಿದ್ದಳು. ಇಂಗ್ಲಿಷ್ ಎಂ.ಎ., ಬಿ.ಎಡ್., ಮಂಗಳೂರಿನ ಹೈಸ್ಕೂಲೊಂದರಲ್ಲಿ ಒಂಬತ್ತು ವರ್ಷ ಪಾಠ ಮಾಡಿದವಳು. ಗಲ್ಫಿನ ಒಂದು ಶಾಲೆಗೆ ಅರ್ಜಿ ಹಾಕಿದ್ದಳು. ಇಂಗ್ಲಿಷ್ ಮಾತೃಭಾಷೆ ಆದವರಿಗೆ ಮಾತ್ರ ಅಂತ ಎರಡೇ ಸಾಲಿನ ಉತ್ತರ ಬಂತಂತೆ. "ಆ ಎರಡು ಸಾಲಿನಲ್ಲೂ ಒಂದು ಸ್ಪೆಲ್ಲಿಂಗ್ ತಪ್ಪಿತ್ತು ಮಾರಾಯ!" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯ್ತು. ನಮ್ಮೂರಲ್ಲಿ ಇಂಗ್ಲಿಷ್ ವಿದ್ಯೆ ಬೆಳೆಸಿದವರ ಮಾತೃಭಾಷೆ ಯಾವುದಿತ್ತು?

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಜರ್ಮನ್ ಮಾತಾಡುವವರು. ಶಾಲೆ ತೆರೆದರು, ಅಚ್ಚುಕೂಟ ಹಾಕಿದರು. ಅದೇ ಅಚ್ಚುಕೂಟದಲ್ಲಿ 1894ರಲ್ಲಿ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದ ಪುಣ್ಯಾತ್ಮನಿಗೆ ಕನ್ನಡವೂ ಮನೆಮಾತಲ್ಲ, ಇಂಗ್ಲಿಷೂ ಅಲ್ಲ!

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಕಟ್ಟಿದ ಜೆಸ್ವಿಟ್ ಪಾದ್ರಿಗಳು ಇಟಲಿಯ ವೆನಿಸ್ ಪ್ರಾಂತ್ಯಕ್ಕೆ ಸೇರಿದವರು. ಅವರಲ್ಲೊಬ್ಬರಾದ ಇಟಾಲಿಯನ್ ಪಾದ್ರಿ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣ ಬರೆದರು, ಅದೂ ಇಂಗ್ಲಿಷಿನಲ್ಲಿ. ಮರುವರ್ಷ ಇಂಗ್ಲಿಷ್-ಕೊಂಕಣಿ ನಿಘಂಟು. ಮಾತೃಭಾಷೆ ಇಂಗ್ಲಿಷ್ ಆಗಿರಲೇಬೇಕು ಅಂತ ಆಗ ಯಾರಾದರೂ ಪಟ್ಟು ಹಿಡಿದಿದ್ದರೆ ಇವೆಲ್ಲ ಎಲ್ಲಿರುತ್ತಿತ್ತು ಹೇಳಿ?

ಹಾಗಾದರೆ ಆ ಕಾಲದಲ್ಲಿ ಭೇದ ಇರಲಿಲ್ಲವಾ? ಇತ್ತು, ಆದರೆ ಗೆರೆ ಬೇರೆ ಕಡೆ ಎಳೆದಿದ್ದರು. 1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದ ಜಗದೀಶಚಂದ್ರ ಬೋಸರಿಗೆ ಯುರೋಪಿಯನ್ನರಿಗಿಂತ ತುಂಬಾ ಕಡಿಮೆ ಸಂಬಳ. ಅವರು ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಮಾಡಿದರು. ಕಲಿಸುತ್ತಿದ್ದದ್ದು ಇಂಗ್ಲಿಷಲ್ಲ, ಭೌತಶಾಸ್ತ್ರ! ಬಂದದ್ದು ಕೇಂಬ್ರಿಡ್ಜಿನಲ್ಲಿ ಓದಿ! 1896ರಲ್ಲಿ ಸರ್ಕಾರ ಈ ಭೇದಕ್ಕೆ ಚೌಕಟ್ಟನ್ನೇ ಹಾಕಿತು. ಇಂಗ್ಲೆಂಡಿನಲ್ಲಿ ಆಯ್ಕೆಯಾದವರಿಗೆ ಹೆಚ್ಚು ಸಂಬಳದ ಇಂಡಿಯನ್ ಎಜುಕೇಷನಲ್ ಸರ್ವಿಸ್, ಇಲ್ಲೇ ಆಯ್ಕೆಯಾದವರಿಗೆ ಪ್ರಾಂತೀಯ ಸರ್ವಿಸ್. ಮೊದಲನೆಯದರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಯುರೋಪಿಯನ್ನರು, ಎರಡನೆಯದರಲ್ಲಿ ನಮ್ಮವರು. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಮಂಗಳೂರಿಗೂ ಇದೇ ಏರ್ಪಾಡು.

ಅಂದರೆ ಅವತ್ತು ಕೇಳಿದ್ದು ಎಲ್ಲಿ ಆಯ್ಕೆಯಾದೆ ಅಂತ, ಇವತ್ತು ಕೇಳುವುದು ಮಾತೃಭಾಷೆ ಯಾವುದು ಅಂತ. ಪ್ರಶ್ನೆ ಬದಲಾಗಿದೆ, ಬಾಗಿಲಾಚೆ ನಿಂತವರು ಮಾತ್ರ ಹೆಚ್ಚು ಬದಲಾದ ಹಾಗೆ ಕಾಣುವುದಿಲ್ಲ.

ಇಂಗ್ಲಿಷ್ ಮನೆಮಾತಾದವನೇ ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ಅನ್ನುವ ಮಾತು 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ನಡೆದ ಸಮ್ಮೇಳನದಲ್ಲಿ ಸಿದ್ಧಾಂತದ ಹಾಗೆ ದಾಖಲಾಯಿತು. ರಾಬರ್ಟ್ ಫಿಲಿಪ್ಸನ್ 1992ರಲ್ಲಿ ಇದು ಬರೀ ಭ್ರಮೆ ಅಂತ ಬರೆದರು. ಇಂಗ್ಲಿಷ್ ಕಲಿಸುವವರ ಅಂತಾರಾಷ್ಟ್ರೀಯ ಸಂಘ ಟೆಸಾಲ್ 2006ರಲ್ಲಿ ಇಂಥ ಭೇದವನ್ನು ವಿರೋಧಿಸಿ ಹೇಳಿಕೆ ಕೊಟ್ಟಿತು. ಆದರೂ ಅಕ್ಕನಿಗೆ ಬಂದ ಉತ್ತರ ಅದೇ ಹಳೇ ರಾಗ.

ಒಂದು ಭಾಷೆಯನ್ನು ಕಷ್ಟಪಟ್ಟು ಕಲಿತವನಿಗೆ ಕಲಿಯುವವನು ಎಲ್ಲಿ ಎಡವುತ್ತಾನೆ ಅಂತ ಗೊತ್ತಿರುತ್ತದೆ. ನನ್ನ ಕನ್ನಡ ಮೀಡಿಯಂ ಇಂಗ್ಲಿಷನ್ನು ಇಂಟರ್‌ವ್ಯೂ ಪಾಸಾಗುವಷ್ಟು ತಿದ್ದಿದವಳು ಇದೇ ಅಕ್ಕ. ಅಕ್ಕ ಮತ್ತೆ ಅರ್ಜಿ ಬರೆಯುತ್ತಿದ್ದಾಳೆ. ಅದರಲ್ಲಿ ಕಿಟ್ಟೆಲ್ಲರ ಹೆಸರನ್ನೂ ಒಂದು ಸಾಲು ಸೇರಿಸು ಅಂದಿದ್ದೇನೆ. :)

ನಿಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರ ಮನೆಮಾತು ಯಾವುದಿತ್ತು? ಕಮೆಂಟಿನಲ್ಲಿ ಹೇಳಿ.