ಕರ್ಣಕುಂಡಲ
ಗೌರಿ ಹೂ ಎಂದೂ ಕರೆಯುವ ಕರ್ಣಕುಂಡಲ (ಇಂಪೇಷಿಯೆನ್ಸ್ ಬಾಲ್ಸಮಿನಾ) ಭಾರತದ್ದೇ ಗಿಡ. ಮಲೆನಾಡಿನ ಗದ್ದೆ ಬದು, ತೋಡಿನ ಅಂಚುಗಳಲ್ಲಿ ಮಳೆ ಬಿದ್ದೊಡನೆ ತಾನಾಗಿ ಹುಟ್ಟಿ, ಬೀಜ ಚೆಲ್ಲಿ, ಒಂದೇ ಋತುವಿನಲ್ಲಿ ಬದುಕು ಮುಗಿಸುತ್ತದೆ. ಬೆಂಗಳೂರಿನ ಕುಕ್ ಟೌನ್‌ನ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಮರದ ನೆರಳು ಬೀಳುವ ಪಾತಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ನೀರು ತುಂಬಿದ ಮೆತ್ತನೆಯ ಕಾಂಡ, ಗರಗಸದಂಚಿನ ನೀಳ ಎಲೆ. ಗುಲಾಬಿ, ನೇರಳೆ ಇಲ್ಲವೇ ಬಿಳಿ ಹೂ ಎಲೆಯ ಕಂಕುಳಲ್ಲಿ ಅರಳುತ್ತದೆ. ಹೂವಿನ ಹಿಂದೆ ಬಾಗಿದ ಸಪೂರ ಕೊಕ್ಕೆಯಿದ್ದು, ಮಕರಂದ ಅದರೊಳಗಿರುತ್ತದೆ. ಗುರುತಿಗೆ ಕಾಯಿಯೊಂದೇ ಸಾಕು: ನವಿರು ರೋಮದ ಬಲಿತ ಕಾಯಿಗೆ ಬೆರಳು ತಾಗಿದರೆ ಐದು ಹೋಳುಗಳು ಥಟ್ಟನೆ ಸುರುಳಿಗಟ್ಟಿ ಬೀಜ ಸಿಡಿಯುತ್ತದೆ. ನರ್ಸರಿಗಳ ಸುತ್ತುದಳದ ತಳಿ ಕಣ್ಣಿಗೆ ತುಂಬಿ ಕಂಡರೂ ಒಂಟಿದಳದ ಕಾಡುಹೂವಿನ ಬೆಡಗು ಅದಕ್ಕಿಲ್ಲ.

ಜೂನ್ ಮಳೆಗೆ ಬೀಜ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಬೇಕು. ಎಲೆಗೊಬ್ಬರ ಬೆರೆತ, ನೀರು ನಿಲ್ಲದ ಆದರೆ ತೇವ ಆರದ ಮಣ್ಣು ಉತ್ತಮ. ಬಾಯಾರಿದರೆ ಎಲೆ ಜೋಲುತ್ತದೆ. ನೀರುಣಿಸಿದರೆ ಮತ್ತೆ ನೆಟ್ಟಗಾಗುತ್ತದೆ. ಎಲೆ ಮೇಯುವ ಹಾಕ್‌ಮಾತ್ ಪತಂಗದ ಹುಳುವಿಗೆ ಔಷಧ ಹೊಡೆಯದಿರುವುದು ಲೇಸು. ಮರುವರ್ಷದ ಬಿತ್ತನೆ ಗಿಡದ್ದೇ ಹೊಣೆ.