ಮಸಿ ಹೋದ ಮೇಲಿನ ಮಸಿಬಟ್ಟೆ

ಅಡುಗೆಮನೆಯಲ್ಲಿ ಕಟ್ಟೆಯೊರೆಸಲು, ಕೈಯೊರೆಸಲು, ಬಿಸಿಪಾತ್ರೆ ಇಳಿಸಲು ಇಟ್ಟುಕೊಳ್ಳುವ ಬಟ್ಟೆಯ ತುಂಡಿಗೆ ಕನ್ನಡದಲ್ಲಿ ಮಸಿಬಟ್ಟೆಯೆಂದು ಹೆಸರು. ಉತ್ತರ ಕರ್ನಾಟಕದಲ್ಲಿ ಅದು ಮಸಿ ಅರಿವೆ. ಹೈದರಾಬಾದಿನ ನೆರೆಯವರು ಅದನ್ನು ಮಸಿಗುಡ್ಡ ಎನ್ನುತ್ತಾರೆ, ಚೆನ್ನೈಯವರು ಕರಿತ್ತುಣಿ ಎನ್ನುತ್ತಾರೆ. ಪುಣೆಯ ಮಸೋತಾ ಕೂಡ ಕಿವಿಗೆ ಅದೇ ಬಳಗದ್ದೆನಿಸುತ್ತದೆ. ನಾವು ವಲಸೆ ಹೋದ ಊರುಗಳಲ್ಲೆಲ್ಲ ಈ ಬಡ ವಸ್ತುವಿಗೆ ಹೆಸರು ಕೊಟ್ಟದ್ದು ಸೌದೆಯೊಲೆಯ ಮಸಿಯೇ.

ಹೆಸರಿನೊಳಗೆ ಒಂದು ಕಾಲದ ಶುಚಿತ್ವದ ಲೆಕ್ಕಾಚಾರವಿದೆ. ಅಂದಿನ ಕೊಳೆ ಕಣ್ಣಿಗೆ ಕಾಣುತ್ತಿತ್ತು. ಹಳೆಯ ಹತ್ತಿಸೀರೆಯನ್ನೋ ಪಂಚೆಯನ್ನೋ ಹರಿದು ಮಾಡಿದ ತುಂಡು ಎರಡು ದಿನಕ್ಕೆ ಕಪ್ಪಾಗುತ್ತಿತ್ತು, ಒಗೆಯದೆ ಗತ್ಯಂತರವಿರಲಿಲ್ಲ. ಒಗೆಯುವ ಸಾಧನವೂ ಅದೇ ಒಲೆಯಿಂದ ಬರುತ್ತಿತ್ತು. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಅದು ಎಣ್ಣೆಜಿಡ್ಡನ್ನು ಬಿಡಿಸುತ್ತದೆ. ಪಾತ್ರೆ ತಿಕ್ಕುವ ಕೆಲಸವಂತೂ ಬಟ್ಟೆಯದಾಗಿರಲೇ ಇಲ್ಲ. ಅದಕ್ಕೆ ತೆಂಗಿನ ನಾರು, ಬೂದಿ, ಹುಣಸೆಹಣ್ಣು ಇದ್ದವು. ಮಸಿಬಟ್ಟೆ ಊಟದ ಪಾತ್ರೆಯ ಒಳಮೈಯನ್ನು ಮುಟ್ಟುತ್ತಿದ್ದದ್ದು ವಿರಳ.

ಬಟ್ಟೆ ಶುದ್ಧಿಯ ನಿಜವಾದ ವಿದ್ಯೆ ಇದ್ದದ್ದು ಮಡಿವಾಳರ ಬಳಿ. ಚೌಳುಮಣ್ಣಿನ ಕ್ಷಾರದಲ್ಲಿ ನೆನೆಸಿದ ಬಟ್ಟೆಗಳನ್ನು ನೀರು ಕುದಿಯುವ ಹಂಡೆಯ ಮೇಲೆ ಒಟ್ಟಿ, ಆವಿ ಗಂಟಿನೊಳಗೆಲ್ಲ ನುಗ್ಗುವಂತೆ ಬೇಯಿಸುವುದು ಅವರ ಕ್ರಮ. ಅದಕ್ಕೆ ಉಬ್ಬೆ ಹಾಕುವುದು ಎಂದು ಹೆಸರು. 1881ರಲ್ಲಿ ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಮತ್ತು ಅವರ ಸಂಗಡಿಗರು ರೋಗಾಣುಗಳನ್ನು ಕೊಲ್ಲುವುದರಲ್ಲಿ ಒಣ ಬಿಸಿಗಾಳಿಗಿಂತ ಹಬೆ ಬಹಳ ಮೇಲೆಂದು ಪ್ರಯೋಗಗಳಿಂದ ತೋರಿಸಿದರು. ಆಸ್ಪತ್ರೆಯ ಬಟ್ಟೆಯನ್ನು ಹಬೆಯಲ್ಲಿ ಶುದ್ಧಿಮಾಡುವ ಪದ್ಧತಿಗೆ ಅಲ್ಲಿಂದ ಶಾಸ್ತ್ರದ ಬಲ ಬಂತು. ಉಬ್ಬೆ ಹಾಕುವವರಿಗೆ ಕಾರಣ ತಿಳಿದಿರಲಿಲ್ಲ, ಕೆಲಸ ಮಾತ್ರ ತಿಳಿದಿತ್ತು.

ಇಲ್ಲಿ ನಮ್ಮ ಸಮಾಜದ ಒಂದು ವಕ್ರತೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕ್ಷಾರದಲ್ಲಿ ನೆಂದು, ಆವಿಯಲ್ಲಿ ಬೆಂದು ಬಂದ ಬಟ್ಟೆ ಮಡಿವಾಳನ ಕೈ ಮುಟ್ಟಿದ್ದೆಂಬ ಕಾರಣಕ್ಕೆ ಆಚಾರವಂತರ ಮನೆಯಲ್ಲಿ ಮೈಲಿಗೆಯೆನಿಸುತ್ತಿತ್ತು. ಬಾವಿಯ ತಣ್ಣೀರಿನಲ್ಲಿ ಅದ್ದಿ ಹಿಂಡಿದರೆ ಮಡಿಯಾಗುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವ ಶರಣರ ಸಾಲಿನಲ್ಲಿ ನಿಂತ ನಾಡಿನಲ್ಲೂ ಈ ಎಣಿಕೆ ಉಳಿದುಕೊಂಡಿತು. ಹೆಚ್ಚು ಶುದ್ಧವಾದದ್ದನ್ನು ಕಡಿಮೆ ಶುದ್ಧವಾದ ನೀರಿನಿಂದ ಶುದ್ಧಗೊಳಿಸಿದೆವು ಎಂದರೆ ಮಾತು ಕಟುವಾದೀತು, ಸುಳ್ಳಾಗದು.

ಮಸಿ ಕರಗತೊಡಗಿದ್ದು ನಗರಗಳಲ್ಲಿ. ಮೊದಲು ಸೀಮೆಎಣ್ಣೆಯ ಪಂಪ್ ಸ್ಟೌ ಬಂತು. 1955ರಲ್ಲಿ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ ಅಡುಗೆ ಅನಿಲದ ಮಾರಾಟ ಆರಂಭಿಸಿತು, 1965ರಲ್ಲಿ ಇಂಡೇನ್ ಕಲ್ಕತ್ತೆಯಲ್ಲಿ ಕಾಲಿಟ್ಟಿತು. ಪಾತ್ರೆಯ ತಳ ಬೆಳ್ಳಗಾಯಿತು, ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಉಸಿರು ಬಂತು. ಹೊಗೆಯ ಕಾಲ ಮರಳಲೆಂದು ಯಾರೂ ಬಯಸರು. ಆದರೆ ಮಸಿಯೊಡನೆ ಅದರ ಎಚ್ಚರಿಕೆಯೂ ಹೋಯಿತು. ಒಲೆ ಆರಿದಲ್ಲಿ ಬೂದಿಯಿಲ್ಲ, ಬಟ್ಟೆ ಕುದಿಸುವ ಹಂಡೆಯಿಲ್ಲ. ಅದೇ ತುಂಡು ಈಗ ಕಟ್ಟೆ, ತಟ್ಟೆ, ಕೈ, ಚಾಕು ಎಲ್ಲವನ್ನೂ ಒರೆಸಿ, ಸಿಂಕಿನ ನಲ್ಲಿಯ ಮೇಲೆ ಮುದ್ದೆಯಾಗಿ ಕೂರುತ್ತದೆ. ಕಪ್ಪಾಗದ ಬಟ್ಟೆಯನ್ನು ಒಗೆಯಬೇಕೆಂದು ಯಾರಿಗೆ ತೋಚೀತು?

ಮುಂಬಯಿಯ ಉಡುಪಿ ಹೋಟೆಲುಗಳ ಮೇಜು ಒರೆಸುವ ಬಟ್ಟೆಯೂ ಈ ಚರಿತ್ರೆಯದೇ ಒಂದು ಪುಟ. ಹೆಗಲ ಮೇಲೆ ಆ ಒದ್ದೆಬಟ್ಟೆ ಹೊತ್ತು ಹಗಲು ದುಡಿದ ಎಷ್ಟೋ ಹುಡುಗರು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ಅಕ್ಷರ ಕಲಿತರು. ಆ ಬಟ್ಟೆಯ ವಾಸನೆ ಮಾತ್ರ ಯಾವ ಆತ್ಮಕಥೆಯ ಅಲಂಕಾರಕ್ಕೂ ಒದಗುವಂಥದಲ್ಲ.

ಆ ವಾಸನೆಗೂ ಈಗ ವಿಳಾಸ ಸಿಕ್ಕಿದೆ. 2012ರಲ್ಲಿ ಜಪಾನಿನ ಸಂಶೋಧಕರು ಒಗೆದ ಬಟ್ಟೆಯಲ್ಲಿ ಮತ್ತೆ ಏಳುವ ಮುಗ್ಗಲು ನಾತಕ್ಕೆ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯವನ್ನು ಹೊಣೆ ಮಾಡಿದರು. ಒಣಗುವಿಕೆಯನ್ನೂ ಅತಿನೇರಳೆ ಕಿರಣವನ್ನೂ ಅದು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಹಾಗಾಗಿ ಬಿಸಿಲಿನ ಮೇಲಷ್ಟೇ ಭಾರ ಹಾಕುವಂತಿಲ್ಲ. 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಬಳಸಿದ 14 ಅಡುಗೆಮನೆಯ ಸ್ಪಂಜುಗಳನ್ನು ಪರೀಕ್ಷಿಸಿದಾಗ, ಕೆಲವೆಡೆ ಒಂದು ಘನ ಸೆಂಟಿಮೀಟರಿನಲ್ಲಿ 5,000 ಕೋಟಿಗೂ ಮೀರಿದ ಜೀವಾಣುಗಳು ಕಂಡವು. ಮೊರಾಕ್ಸೆಲ್ಲಾ ಅಲ್ಲಿಯೂ ಪ್ರಮುಖವಾಗಿತ್ತು. ಪತ್ರಿಕೆಗಳು ಇದನ್ನು ದೊಡ್ಡದು ಮಾಡಿದವು. ಹದಿನಾಲ್ಕೇ ಸ್ಪಂಜುಗಳೆಂಬುದನ್ನೂ, ಜೀವಾಣುಗಳೆಲ್ಲ ರೋಗಾಣುಗಳಲ್ಲವೆಂಬುದನ್ನೂ ಮರೆಯಬಾರದು. ಆದರೂ ಹಸಿ ಮಾಂಸ, ಮೀನು, ಮೊಟ್ಟೆ ತಾಗಿದ ಕಟ್ಟೆಯನ್ನು ಒರೆಸಿದ ಬಟ್ಟೆಯಿಂದಲೇ ಮಗುವಿನ ತಟ್ಟೆ ಒರೆಸುವುದು ಅಪಾಯವೆಂಬುದಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲ.

ಉಪಾಯ ಹೊಸದೇನಲ್ಲ. ಅಪ್ಪಟ ಹತ್ತಿಯ ಏಳೆಂಟು ತುಂಡುಗಳಿರಲಿ. ಕಟ್ಟೆಗೊಂದು, ಕೈಗೊಂದು, ತೊಳೆದ ಪಾತ್ರೆಗೊಂದು. ದಿನಕ್ಕೊಮ್ಮೆ ಬದಲಾಯಿಸಿ, ಕೊಳೆಯಾದವನ್ನು ವಾಷಿಂಗ್ ಸೋಡ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕೊತಕೊತ ಕುದಿಸಿ, ಮುದ್ದೆ ಮಾಡದೆ ಹರವಿ ಒಣಗಿಸಬೇಕು. ಪಾತ್ರೆ ಅಲ್ಯೂಮಿನಿಯಂನದಾಗಿರದಿರಲಿ, ಸೋಡ ಅದನ್ನು ತಿನ್ನುತ್ತದೆ. ಚೌಳುಮಣ್ಣಿನ ಬದಲು ಅಂಗಡಿಯ ಸೋಡ, ಹಂಡೆಯ ಬದಲು ಸ್ಟೀಲಿನ ಪಾತ್ರೆ, ಅಷ್ಟೇ ವ್ಯತ್ಯಾಸ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲು ಕಾಣದ ಮುಂಬಯಿಯ ಫ್ಲಾಟುಗಳಲ್ಲಿ, ಕುದಿಸಿ ಹಿಂಡಿದ ತುಂಡಿನ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದರೆ ಚುಂಯ್ ಎಂದು ಆವಿಯೇಳುತ್ತದೆ. ಉಬ್ಬೆಯ ಆವಿ ನಗರದ ಮನೆಗೆ ಬಂದಿರುವುದು ಈ ರೂಪದಲ್ಲಿ.